100 ಸ್ಟೆಪ್‌ಗೆ ಒಂದು ಬೆಲೆ, 101ಕ್ಕೆ ಇನ್ನೊಂದು: ಆಪ್ಷನ್ ಲೆಕ್ಕದಲ್ಲಿ ಯಾವ ಉತ್ತರ ನಂಬಬೇಕು?

ಪ್ರಶ್ನೆ: ಆಪ್ಷನ್ (ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆ ಹೇಳುವ ಬ್ಲ್ಯಾಕ್-ಶೋಲ್ಸ್ ಸೂತ್ರವನ್ನು ಪೈಥಾನ್‌ನಲ್ಲಿ ಬರೆದೆ, ಸರಿಯಾಗಿ ಬಂತು. ಅಮೆರಿಕನ್ ಪುಟ್‌ಗೆ (ಅವಧಿಯೊಳಗೆ ಯಾವಾಗ ಬೇಕಾದರೂ ಮಾರುವ ಹಕ್ಕು) ಅಂಥ ಸೂತ್ರ ಇಲ್ಲ ಅಂತ ಗೊತ್ತಾದ ಮೇಲೆ ಬೈನಾಮಿಯಲ್ ಟ್ರೀ (ಅವಧಿಯನ್ನು ಸ್ಟೆಪ್‌ಗಳಾಗಿ ಒಡೆದು, ಪ್ರತಿ ಸ್ಟೆಪ್‌ನಲ್ಲೂ ಬೆಲೆ ಏರುವ, ಇಳಿಯುವ ಎರಡು ಕವಲು ಬಿಡಿಸುವ ಲೆಕ್ಕ) ಬರೆದೆ. ಮೊದಲು ಅದನ್ನು ಯುರೋಪಿಯನ್ ಕಾಲ್ (ಕೊನೆಯ ದಿನ ಮಾತ್ರ ಬಳಸಬಹುದಾದ ಕೊಳ್ಳುವ ಹಕ್ಕು) ಮೇಲೆ ಓಡಿಸಿ ನೋಡಿದೆ. ಷೇರಿನ ಬೆಲೆ 100, ಸ್ಟ್ರೈಕ್ (ಹಕ್ಕಿನಲ್ಲಿ ಗೊತ್ತುಮಾಡಿದ ಬೆಲೆ) 100, ಬಡ್ಡಿ 5%, ವೊಲಾಟಿಲಿಟಿ (ಷೇರಿನ ಬೆಲೆ ಏರಿಳಿಯುವ ಪ್ರಮಾಣ) 20%, ಅವಧಿ 1 ವರ್ಷ, ಡಿವಿಡೆಂಡ್ ಇಲ್ಲ. 100 ಸ್ಟೆಪ್ ಇಟ್ಟರೆ 10.43 ಬರುತ್ತದೆ, 101 ಇಟ್ಟರೆ 10.47. ಸೂತ್ರದ ಉತ್ತರ 10.45. ನನ್ನ ಕೋಡ್ ತಪ್ಪಾ? ಗೆಳೆಯನೊಬ್ಬ ಟ್ರೀ ಹಳೆಯದು, ಎಲ್ಲದಕ್ಕೂ ಮಾಂಟೆ ಕಾರ್ಲೊ ಹಾಕು ಅನ್ನುತ್ತಾನೆ. ಇನ್ನೊಬ್ಬರು ಫೈನೈಟ್ ಡಿಫರೆನ್ಸ್ ಕಲಿ ಅನ್ನುತ್ತಾರೆ. ಯಾವುದನ್ನು ಕಲಿಯಲಿ? ಬಂದ ಅಂಕಿಯನ್ನು ಹೇಗೆ ನಂಬಲಿ?

ಉತ್ತರ: ನಿಮ್ಮ ಕೋಡ್ ಸರಿಯಾಗಿದೆ. ಹೀಗೆ ಬರದೇ ಇದ್ದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಗೊತ್ತಿಲ್ಲದ ಉತ್ತರಕ್ಕೆ ಕೈ ಹಾಕುವ ಮೊದಲು ಗೊತ್ತಿರುವ ಉತ್ತರದ ಮೇಲೆ ಪರೀಕ್ಷೆ ಮಾಡಿದಿರಲ್ಲ, ಅದು ತುಂಬಾ ಒಳ್ಳೆಯ ಕೆಲಸ. ಬಹಳ ಜನ ಅದನ್ನು ಮಾಡುವುದೇ ಇಲ್ಲ.

ಈ ಏರಿಳಿತ ಎಲ್ಲಿಂದ ಬರುತ್ತದೆ ಅಂತ ಕೈಲೆಕ್ಕದಲ್ಲೇ ನೋಡಬಹುದು. ನಿಮ್ಮದೇ ಅಂಕಿಗಳನ್ನು ತೆಗೆದುಕೊಳ್ಳಿ. ಒಂದೇ ಸ್ಟೆಪ್ ಇದ್ದರೆ ಷೇರು 122.14ಕ್ಕೆ ಏರುತ್ತದೆ ಅಥವಾ 81.87ಕ್ಕೆ ಇಳಿಯುತ್ತದೆ. ಏರುವ ಸಂಭಾವ್ಯತೆ 0.5775. ಕಾಲ್ ಬೆಲೆ 12.16 ಬರುತ್ತದೆ. 2 ಸ್ಟೆಪ್ ಮಾಡಿದರೆ 9.54. 3 ಮಾಡಿದರೆ 11.04. 4 ಮಾಡಿದರೆ 9.97. ನೋಡಿ, ಬೆಸ ಸಂಖ್ಯೆ ಬಂದಾಗ ಮೇಲೆ, ಸಮ ಸಂಖ್ಯೆ ಬಂದಾಗ ಕೆಳಗೆ. ಗರಗಸದ ಹಲ್ಲಿನ ಹಾಗೆ ಏರಿ ಇಳಿದು, ನಿಧಾನವಾಗಿ 10.45ರ ಹತ್ತಿರ ಬರುತ್ತದೆ.

ಕಾರಣ ಸ್ಟ್ರೈಕ್ ಬೆಲೆ ಕೂತಿರುವ ಜಾಗ. ಸಮ ಸಂಖ್ಯೆಯ ಸ್ಟೆಪ್ ಇದ್ದಾಗ ಕೊನೆಯ ಸಾಲಿನ ನಡುವಿನ ನೋಡ್ (ಟ್ರೀಯ ಕವಲಿನ ಬಿಂದು) ಸರಿಯಾಗಿ 100ರ ಮೇಲೆ ಬೀಳುತ್ತದೆ. ಬೆಸ ಸಂಖ್ಯೆ ಇದ್ದಾಗ 100 ಎರಡು ನೋಡ್‌ಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಕಾಲ್‌ನ ಪೇಆಫ್, ಅಂದರೆ ಕೊನೆಯಲ್ಲಿ ಸಿಗುವ ಹಣ, ಮುರಿದ ಕಡ್ಡಿಯ ಹಾಗೆ, 100ರವರೆಗೆ ಸೊನ್ನೆ, ಆಮೇಲೆ ಒಮ್ಮೆಗೇ ಏರುಮುಖ. ಆ ಮುರಿದ ಜಾಗ ನೋಡ್ ಮೇಲೆ ಬಿತ್ತಾ, ನೋಡ್‌ಗಳ ನಡುವೆ ಬಿತ್ತಾ ಅನ್ನುವುದರ ಮೇಲೆ ತಪ್ಪಿನ ದಿಕ್ಕು ತೀರ್ಮಾನವಾಗುತ್ತದೆ. ಮುಂದೆ ಎಲ್ಲ ವಿಧಾನಗಳಲ್ಲೂ ಇದೇ ಮುರಿದ ಜಾಗ ಬೇರೆ ಬೇರೆ ವೇಷದಲ್ಲಿ ತೊಂದರೆ ಕೊಡುತ್ತದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಪರಿಹಾರ ಸುಲಭ. 100 ಮತ್ತು 101ರ ಉತ್ತರಗಳ ಸರಾಸರಿ ತೆಗೆಯಿರಿ, 10.45 ಬಂತು ಅಲ್ವಾ? ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಸಮ ಸಂಖ್ಯೆಗಳನ್ನು ಮಾತ್ರ ಇಟ್ಟುಕೊಳ್ಳಿ. 50 ಸ್ಟೆಪ್‌ಗೆ 10.4107, 100 ಸ್ಟೆಪ್‌ಗೆ 10.4306. ಸ್ಟೆಪ್ ಎರಡರಷ್ಟಾದಾಗ ತಪ್ಪು ಅರ್ಧವಾಗುತ್ತಿದೆ. ಹಾಗಾದರೆ ಎರಡನೆಯ ಉತ್ತರವನ್ನು ದುಪ್ಪಟ್ಟು ಮಾಡಿ ಮೊದಲನೆಯದನ್ನು ಕಳೆದರೆ ದೊಡ್ಡ ತಪ್ಪು ತಾನಾಗಿಯೇ ಹೊಡೆದುಹೋಗಬೇಕು. 20.8612ರಿಂದ 10.4107 ಕಳೆಯಿರಿ, 10.4505. ನಿಜವಾದ ಉತ್ತರ 10.4506. ಇದಕ್ಕೆ ರಿಚರ್ಡ್‌ಸನ್ ಎಕ್ಸ್‌ಟ್ರಾಪೊಲೇಷನ್ ಅಂತಾರೆ. ಬರೀ 2 ಮತ್ತು 4 ಸ್ಟೆಪ್‌ನ ಉತ್ತರಗಳಿಗೆ ಇದೇ ಲೆಕ್ಕ ಹಾಕಿದರೂ 10.40 ಬರುತ್ತದೆ. ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಮಾಡುವ ಲೆಕ್ಕಕ್ಕೆ ಇದು ಎಷ್ಟು ಹತ್ತಿರ ನೋಡಿ. ಆದರೆ ಸಮದ ಜೊತೆ ಸಮವನ್ನೇ ಇಡಬೇಕು, ಬೆಸ ಬೆರೆಸಿದರೆ ಎಲ್ಲ ಕೆಡುತ್ತದೆ. ನಿಮ್ಮ ಉದಾಹರಣೆಯಲ್ಲಿ ಸ್ಟ್ರೈಕ್ ಸರಿಯಾಗಿ ಈಗಿನ ಬೆಲೆಯ ಮೇಲೇ ಇರುವುದರಿಂದ ಇದು ಇಷ್ಟು ಚೆನ್ನಾಗಿ ಕೂಡಿಬಂತು. ಸ್ಟ್ರೈಕ್ 107 ಇದ್ದರೆ ಗರಗಸದ ಹಲ್ಲುಗಳು ಇಷ್ಟು ಶಿಸ್ತಾಗಿ ಇರುವುದಿಲ್ಲ. ಆಗ ಕೊನೆಯ ಸ್ಟೆಪ್‌ಗಿಂತ ಒಂದು ಸ್ಟೆಪ್ ಹಿಂದೆ ಟ್ರೀ ನಿಲ್ಲಿಸಿ, ಅಲ್ಲಿನ ಪ್ರತಿ ನೋಡ್‌ನಲ್ಲೂ ಬ್ಲ್ಯಾಕ್-ಶೋಲ್ಸ್ ಬೆಲೆಯನ್ನೇ ಹಾಕಿ. ಅಮೆರಿಕನ್ ಆಪ್ಷನ್ ಆದರೆ ಆ ಬೆಲೆ, ಎಕ್ಸರ್‌ಸೈಸ್ ಮಾಡಿದರೆ (ಹಕ್ಕನ್ನು ಬಳಸಿದರೆ) ಸಿಗುವ ಹಣ, ಎರಡರಲ್ಲಿ ದೊಡ್ಡದು. ಮುರಿದ ಜಾಗ ನುಣುಪಾಗುತ್ತದೆ, ಏರಿಳಿತ ತಗ್ಗುತ್ತದೆ. 1996ರಲ್ಲಿ ಲೈಸೆನ್ ಮತ್ತು ರೈಮರ್ ಟ್ರೀಯ ಅಂಕಿಗಳನ್ನೇ ಸ್ಟ್ರೈಕ್‌ಗೆ ಹೊಂದಿಸುವ ಇನ್ನೊಂದು ರೀತಿ ಕೊಟ್ಟರು. ಅದೂ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ನಿಮ್ಮ ನಿಜವಾದ ಗುರಿಗೆ ಬರೋಣ, ಅಮೆರಿಕನ್ ಪುಟ್. 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಕೊಟ್ಟ ದಾರಿಯಲ್ಲಿ ಯುರೋಪಿಯನ್ ಆಪ್ಷನ್‌ಗೆ ಸೂತ್ರ ಸಿಕ್ಕಿತು, ಯಾಕೆಂದರೆ ಅಲ್ಲಿ ಕೊನೆಯ ದಿನದ ಬೆಲೆ ಒಂದೇ ಮುಖ್ಯ. ಅಮೆರಿಕನ್ ಪುಟ್‌ನಲ್ಲಿ ಪ್ರತಿ ಕ್ಷಣವೂ ಒಂದು ಪ್ರಶ್ನೆ ಇರುತ್ತದೆ: ಈಗಲೇ ಎಕ್ಸರ್‌ಸೈಸ್ ಮಾಡಲಾ, ಕಾಯಲಾ? ಯಾವ ಬೆಲೆಗೆ ಇಳಿದರೆ ಕಾಯುವುದು ನಷ್ಟ ಅನ್ನುವ ಗಡಿಯೇ ಮೊದಲು ಗೊತ್ತಿಲ್ಲ, ಬೆಲೆಯ ಜೊತೆಗೇ ಅದನ್ನೂ ಹುಡುಕಬೇಕು. ಅದಕ್ಕೇ ಸರಳ ಸೂತ್ರ ಕೈಗೆ ಸಿಗುವುದಿಲ್ಲ.

1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಬರೆದ ಬೈನಾಮಿಯಲ್ ಟ್ರೀಯ ಚೆಂದ ಇಲ್ಲೇ ಕಾಣುವುದು. ಎರಡೇ ಸ್ಟೆಪ್‌ನ ಟ್ರೀ ಬಿಡಿಸಿ. ಷೇರು ಮೊದಲ ಸ್ಟೆಪ್‌ನಲ್ಲಿ 115.19 ಅಥವಾ 86.81. ಕೊನೆಯಲ್ಲಿ 132.69, 100, 75.36. ಪುಟ್‌ಗೆ ಹಣ ಬರುವುದು 75.36ರಲ್ಲಿ ಮಾತ್ರ, 24.64. ಈಗ ಕೆಳಗಿನ ನೋಡ್‌ಗೆ ಬನ್ನಿ, 86.81. ಕಾದರೆ ಅದರ ಬೆಲೆ ಎಷ್ಟು? ಇಳಿಯುವ ಸಂಭಾವ್ಯತೆ 0.4461, ಅದಕ್ಕೆ 24.64 ಗುಣಿಸಿ ಅರ್ಧ ವರ್ಷದ ಬಡ್ಡಿ ತೆಗೆದರೆ 10.72. ಈಗಲೇ ಎಕ್ಸರ್‌ಸೈಸ್ ಮಾಡಿದರೆ 100ರಿಂದ 86.81 ಕಳೆದು 13.19. ಕಾಯುವುದಕ್ಕಿಂತ ಈಗಲೇ ತೆಗೆದುಕೊಳ್ಳುವುದು ಲಾಭ. ಹಾಗಾಗಿ ಆ ನೋಡ್‌ನಲ್ಲಿ 10.72 ಅಳಿಸಿ 13.19 ಬರೆಯಿರಿ, ಹಿಂದಕ್ಕೆ ಬನ್ನಿ. ಇವತ್ತಿನ ಬೆಲೆ 5.74. ಯುರೋಪಿಯನ್ ಪುಟ್ ಆಗಿದ್ದರೆ ಇದೇ ಟ್ರೀಯಲ್ಲಿ 4.66. ಇಷ್ಟೂ ವ್ಯತ್ಯಾಸ ಒಂದೇ ಒಂದು ನೋಡ್‌ನಲ್ಲಿ ಮಾಡಿದ ಒಂದು ನಿರ್ಧಾರದಿಂದ ಬಂತು. ಕೋಡ್‌ನಲ್ಲಿ ಅದು ಒಂದು ಸಾಲು: ಕಾಯುವ ಬೆಲೆ, ಈಗ ಸಿಗುವ ಹಣ, ಎರಡರಲ್ಲಿ ದೊಡ್ಡದು.

ಇಲ್ಲೊಂದು ಎಚ್ಚರ ಹೇಳಬೇಕು. ವೊಲಾಟಿಲಿಟಿ ತುಂಬಾ ಕಡಿಮೆ ಇದ್ದು ಬಡ್ಡಿ ಜಾಸ್ತಿ ಇದ್ದರೆ, ಟ್ರೀಯಲ್ಲಿ ಏರುವ ಸಂಭಾವ್ಯತೆ 1ನ್ನು ದಾಟಿಬಿಡಬಹುದು. ಉದಾಹರಣೆಗೆ ವೊಲಾಟಿಲಿಟಿ 2%, ಬಡ್ಡಿ 8% ಆದರೆ ಒಂದು ವರ್ಷಕ್ಕೆ 16ಕ್ಕಿಂತ ಹೆಚ್ಚು ಸ್ಟೆಪ್ ಬೇಕೇ ಬೇಕು. ಕೋಡ್ ಬಾಯಿ ಬಿಡುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತದೆ. ಸಂಭಾವ್ಯತೆ 0 ಮತ್ತು 1ರ ನಡುವೆ ಇದೆಯಾ ಅಂತ ನೋಡುವ ಒಂದು ಸಾಲನ್ನು ಇವತ್ತೇ ಸೇರಿಸಿ.

ಇನ್ನು ನಿಮ್ಮ ಗೆಳೆಯನ ಮಾಂಟೆ ಕಾರ್ಲೊ. 1977ರಲ್ಲಿ ಫೆಲಿಮ್ ಬಾಯ್ಲ್ ಇದನ್ನು ಆಪ್ಷನ್‌ಗಳಿಗೆ ತಂದರು. ಐಡಿಯಾ ತುಂಬಾ ನೇರ. ಷೇರಿನ ಬೆಲೆ ಹೋಗಬಹುದಾದ ಸಾವಿರಾರು ದಾರಿಗಳನ್ನು ರ್ಯಾಂಡಮ್ ಆಗಿ ಮಾಡು, ಪ್ರತಿ ದಾರಿಯ ಕೊನೆಯಲ್ಲಿ ಸಿಗುವ ಹಣ ನೋಡು, ಸರಾಸರಿ ತೆಗಿ, ಬಡ್ಡಿ ಕಳೆದು ಇವತ್ತಿಗೆ ತಾ. ಎಂಥ ಪೇಆಫ್ ಆದರೂ ಕೋಡ್ ಹೆಚ್ಚುಕಡಿಮೆ ಅದೇ ಇರುತ್ತದೆ, ಜನರಿಗೆ ಇಷ್ಟವಾಗುವುದು ಅದಕ್ಕೇ.

ಆದರೆ ಅದರ ನಿಧಾನ ನೋಡಿ. ನಿಮ್ಮ ಇದೇ ಕಾಲ್‌ನ ಪೇಆಫ್‌ಗೆ, ಇವತ್ತಿನ ಬೆಲೆಗೆ ತಂದ ಮೇಲೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 14.7. ಬೆಲೆಗಿಂತಲೇ ದೊಡ್ಡದು. 10,000 ಪಾತ್ (ದಾರಿ) ಓಡಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯಲ್ಲಿ ಇರಬಹುದಾದ ತಪ್ಪಿನ ಅಳತೆ, 14.7ನ್ನು 100ರಿಂದ ಭಾಗಿಸಿದಷ್ಟು, ಅಂದರೆ 0.147. ಹಾಗಾಗಿ ಉತ್ತರ 10.2 ಬಂದರೂ ಆಶ್ಚರ್ಯ ಇಲ್ಲ, 10.7 ಬಂದರೂ ಇಲ್ಲ. 10 ಲಕ್ಷ ಪಾತ್ ಓಡಿಸಿದರೆ 0.0147. ನಿಮ್ಮ 100 ಸ್ಟೆಪ್‌ನ ಟ್ರೀ ಕಣ್ಣು ಮಿಟುಕಿಸುವುದರೊಳಗೆ 0.02 ತಪ್ಪಿನ ಉತ್ತರ ಕೊಟ್ಟಿತ್ತು, ಅದನ್ನು ಮುಟ್ಟುವುದಕ್ಕೆ ಇಲ್ಲಿ ಐದಾರು ಲಕ್ಷ ಪಾತ್ ಬೇಕು. ಒಂದು ದಶಮಾಂಶ ಸ್ಥಾನ ಜಾಸ್ತಿ ಬೇಕೆಂದರೆ ಕೆಲಸ 100 ಪಟ್ಟು. ಒಂದೇ ಷೇರಿನ ಮೇಲಿನ ಸಾದಾ ಆಪ್ಷನ್‌ಗೆ ಮಾಂಟೆ ಕಾರ್ಲೊ ಬಳಸುವುದು ವ್ಯರ್ಥ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಕಲಿಯುವುದಕ್ಕೆ ಬರೆಯಿರಿ, ಬೆಲೆ ಕಟ್ಟುವುದಕ್ಕೆ ಬೇಡ.

ಅದು ಗೆಲ್ಲುವ ಜಾಗ ಬೇರೆ. 5 ಷೇರುಗಳ ಮೇಲಿನ ಬಾಸ್ಕೆಟ್ ಆಪ್ಷನ್ ಅಂದುಕೊಳ್ಳಿ. ಗ್ರಿಡ್ (ಫೈನೈಟ್ ಡಿಫರೆನ್ಸ್ ಬಳಸುವ ಚೌಕಳಿ) ಹಾಕುವುದಾದರೆ ಪ್ರತಿ ಷೇರಿಗೆ 100 ಬಿಂದು ಸಾಕು ಅಂದರೂ ಒಟ್ಟು 1,000 ಕೋಟಿ ಬಿಂದುಗಳು. ಒಂದೊಂದು ಅಂಕಿಗೆ 8 ಬೈಟ್ ಅಂದರೆ ಒಂದೇ ಸಮಯದ ಪದರ ಇಟ್ಟುಕೊಳ್ಳುವುದಕ್ಕೇ 80 ಗಿಗಾಬೈಟ್ ಮೆಮೊರಿ. ಮಾಂಟೆ ಕಾರ್ಲೊಗೆ 5 ಆದರೇನು, 50 ಆದರೇನು, ಸ್ಟ್ಯಾಂಡರ್ಡ್ ಎರರ್ ಇಳಿಯುವ ವೇಗ ಅದೇ. ಬೆಲೆ ನಡೆದು ಬಂದ ದಾರಿಯೇ ಮುಖ್ಯವಾದ, ಅವಧಿಯ ಬೆಲೆಗಳ ಸರಾಸರಿಯ ಮೇಲೆ ಹಣ ಕೊಡುವ ಏಷ್ಯನ್ ಆಪ್ಷನ್‌ಗಳಿಗೂ ಅದು ಹೇಳಿ ಮಾಡಿಸಿದ ಹಾಗೆ ಇರುತ್ತದೆ.

ಬರೆಯುವಾಗ ಹೊಸಬರು ಎಡವುವ ಎರಡು ಜಾಗ ಇವೆ. ಒಂದು, ಷೇರು ಹಿಂದೆ ವರ್ಷಕ್ಕೆ 12% ಏರಿದೆ ಅಂತ 12%ನ್ನೇ ಸಿಮ್ಯುಲೇಷನ್‌ಗೆ ಹಾಕುವುದು. ಹಾಕಬಾರದು. ಬೆಲೆ ಕಟ್ಟುವಾಗ ಷೇರು ಬಡ್ಡಿ ದರದಲ್ಲೇ ಏರುತ್ತದೆ ಅಂತ ಇಟ್ಟುಕೊಳ್ಳಬೇಕು, ಯಾಕೆಂದರೆ ಆಪ್ಷನ್ ಮಾರಿದವರು ಷೇರು ಕೊಂಡು ಮಾರಿ ಆ ಅಪಾಯವನ್ನು ತೆಗೆದುಹಾಕಬಹುದು ಅನ್ನುವುದರ ಮೇಲೆಯೇ ಈ ಸಿದ್ಧಾಂತ ಪೂರ್ತಿ ನಿಂತಿದೆ. ಎರಡನೆಯದು, ಷೇರಿನ ಬೆಲೆ ಮುಂದಕ್ಕೆ ನಡೆಸುವ ಸೂತ್ರದ ಘಾತದಲ್ಲಿ ವೊಲಾಟಿಲಿಟಿಯ ವರ್ಗದ ಅರ್ಧವನ್ನು ಕಳೆಯುವುದು ಮರೆಯುವುದು. ನಿಮ್ಮ ಅಂಕಿಗಳಲ್ಲಿ 0.05ರಿಂದ 0.02 ಕಳೆದು 0.03 ಬರಬೇಕು. ಎರಡೂ ತಪ್ಪನ್ನು ಹಿಡಿಯುವ ಒಂದೇ ಪರೀಕ್ಷೆ ಇದೆ. ಆಪ್ಷನ್ ಪಕ್ಕಕ್ಕಿಡಿ, ಷೇರಿನ ಕೊನೆಯ ಬೆಲೆಯ ಸರಾಸರಿ ತೆಗೆದು ಬಡ್ಡಿ ಕಳೆದು ಇವತ್ತಿಗೆ ತನ್ನಿ. ಸ್ಟ್ಯಾಂಡರ್ಡ್ ಎರರ್ ಒಳಗೆ 100 ಬರಬೇಕು. 102 ಬಂತಾ, ಆ ಅರ್ಧವನ್ನು ಮರೆತಿದ್ದೀರಿ. 107 ಬಂತಾ, ಬಡ್ಡಿ ಬದಲು 12% ಹಾಕಿದ್ದೀರಿ. ಎರಡು ನಿಮಿಷದ ಕೆಲಸ, ನಾನು ಹೊಸ ಸಿಮ್ಯುಲೇಷನ್ ಬರೆದಾಗಲೆಲ್ಲ ಇವತ್ತಿಗೂ ಮೊದಲು ಇದನ್ನೇ ಮಾಡುತ್ತೇನೆ.

ಪಾತ್ ಹೆಚ್ಚಿಸುವುದಕ್ಕಿಂತ ಬುದ್ಧಿವಂತಿಕೆಯ ದಾರಿಯೂ ಇದೆ. ಏಷ್ಯನ್ ಆಪ್ಷನ್‌ನಲ್ಲಿ ಬೆಲೆಗಳ ಸಾಮಾನ್ಯ ಸರಾಸರಿಗೆ ಸೂತ್ರ ಇಲ್ಲ, ಗುಣೋತ್ತರ ಸರಾಸರಿಗೆ ಇದೆ. 1990ರಲ್ಲಿ ಕೆಮ್ನಾ ಮತ್ತು ವೋರ್ಸ್ಟ್ ಇದನ್ನು ಬಳಸಿಕೊಂಡರು. ಅದೇ ಪಾತ್‌ಗಳ ಮೇಲೆ ಎರಡನ್ನೂ ಲೆಕ್ಕ ಹಾಕಿ. ಗುಣೋತ್ತರದ್ದು ಸೂತ್ರಕ್ಕಿಂತ ಎಷ್ಟು ತಪ್ಪಿದೆ ನೋಡಿ, ಆ ತಪ್ಪಿನಷ್ಟನ್ನೇ ಇನ್ನೊಂದರಲ್ಲೂ ಸರಿಪಡಿಸಿ. ಎರಡರ ನಡುವಿನ ಕೋರಿಲೇಷನ್ 0.99 ಇದ್ದರೂ ಬೇಕಾಗುವ ಪಾತ್‌ಗಳು ಸುಮಾರು 50ರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಇದು ಕಂಟ್ರೋಲ್ ವೇರಿಯೇಟ್. ಹಾಗೇ ಸೊಬೊಲ್ ಸಂಖ್ಯೆಗಳು ಇವೆ, ರ್ಯಾಂಡಮ್ ಬದಲು ಜಾಗವನ್ನು ಸಮವಾಗಿ ತುಂಬುವ ಸಾಲು. ಅದನ್ನೂ ಒಮ್ಮೆ ಬಳಸಿ ನೋಡಿ.

ಅಮೆರಿಕನ್ ಆಪ್ಷನ್‌ಗೆ ಮಾಂಟೆ ಕಾರ್ಲೊ ಹಾಕಿದಾಗ ಒಂದು ನಿಜವಾದ ತೊಡಕು ಬರುತ್ತದೆ. ಟ್ರೀ ಹಿಂದಕ್ಕೆ ನಡೆಯುತ್ತದೆ, ಹಾಗಾಗಿ ಕಾಯುವ ಬೆಲೆ ಕೈಯಲ್ಲೇ ಇರುತ್ತದೆ. ಪಾತ್ ಮುಂದಕ್ಕೆ ನಡೆಯುತ್ತದೆ, ಕಾದರೆ ಎಷ್ಟು ಬರಬಹುದು ಅಂತ ಅದಕ್ಕೆ ಗೊತ್ತಿಲ್ಲ. ಕೆಲವರು ಪ್ರತಿ ಪಾತ್‌ನಲ್ಲಿ ಹಣ ಅತಿ ಹೆಚ್ಚಿದ್ದ ದಿನವನ್ನೇ ಹುಡುಕಿ ಅದನ್ನು ತೆಗೆದುಕೊಂಡುಬಿಡುತ್ತಾರೆ. ಅದು ಭವಿಷ್ಯ ನೋಡಿ ಆಡಿದ ಹಾಗೆ, ಬೆಲೆ ತುಂಬಾ ಮೇಲೆ ಬರುತ್ತದೆ. 2001ರಲ್ಲಿ ಲಾಂಗ್‌ಸ್ಟಾಫ್ ಮತ್ತು ಶ್ವಾರ್ಟ್ಜ್ ಇದಕ್ಕೆ ಸೊಗಸಾದ ದಾರಿ ತೋರಿಸಿದರು. ಎಲ್ಲ ಪಾತ್‌ಗಳನ್ನೂ ಮೊದಲು ಮಾಡಿಟ್ಟುಕೊಂಡು ಹಿಂದಿನಿಂದ ಬನ್ನಿ. ಪ್ರತಿ ದಿನಾಂಕದಲ್ಲೂ, ಮುಂದೆ ಬಂದ ಹಣವನ್ನು ಆ ದಿನದ ಷೇರು ಬೆಲೆಯ ಮೇಲೆ ರಿಗ್ರೆಷನ್ ಮಾಡಿ, ಅಂದರೆ ಬಿಂದುಗಳಿಗೆ ಹೊಂದುವ ಗೆರೆ ಎಳೆಯಿರಿ. ಆ ಗೆರೆ ಕೊಡುವುದೇ ಕಾಯುವ ಬೆಲೆಯ ಅಂದಾಜು. ಎರಡು ವಿಷಯ ತಪ್ಪಿಸಬೇಡಿ. ಈಗ ಎಕ್ಸರ್‌ಸೈಸ್ ಮಾಡಿದರೆ ಹಣ ಬರುವ ಪಾತ್‌ಗಳನ್ನು ಮಾತ್ರ ರಿಗ್ರೆಷನ್‌ಗೆ ಸೇರಿಸಿ. ಆಮೇಲೆ, ರಿಗ್ರೆಷನ್ ಅಂದಾಜನ್ನು ನಿರ್ಧಾರಕ್ಕೆ ಮಾತ್ರ ಬಳಸಿ, ಹಿಂದಕ್ಕೆ ತರುವುದು ಆ ಪಾತ್‌ನಲ್ಲಿ ನಿಜವಾಗಿ ಬಂದ ಹಣವನ್ನೇ. ಎರಡನೆಯದನ್ನು ಮರೆತರೆ ಅಂದಾಜಿನ ತಪ್ಪು ಪ್ರತಿ ದಿನಾಂಕದಲ್ಲೂ ಸೇರುತ್ತಾ ಬೆಲೆಯನ್ನು ಮೇಲಕ್ಕೆ ತಳ್ಳುತ್ತದೆ.

ನಿಮ್ಮ ಕೋಡ್ ಪರೀಕ್ಷಿಸಲು ಅವರದೇ ಒಂದು ಅಂಕಿ ಇಟ್ಟುಕೊಳ್ಳಿ. ಷೇರು 36, ಸ್ಟ್ರೈಕ್ 40, ಬಡ್ಡಿ 6%, ವೊಲಾಟಿಲಿಟಿ 20%, 1 ವರ್ಷ, ವರ್ಷಕ್ಕೆ 50 ಎಕ್ಸರ್‌ಸೈಸ್ ದಿನಾಂಕ. ಫೈನೈಟ್ ಡಿಫರೆನ್ಸ್‌ನಲ್ಲಿ ಅವರಿಗೆ ಬಂದದ್ದು 4.478, ಸಿಮ್ಯುಲೇಷನ್‌ನಲ್ಲಿ 4.472. ನಿರ್ಧಾರ ಪರಿಪೂರ್ಣವಲ್ಲದ ಕಾರಣ ಈ ವಿಧಾನ ಸಾಮಾನ್ಯವಾಗಿ ಸ್ವಲ್ಪ ಕೆಳಗೇ ನಿಲ್ಲುತ್ತದೆ. ನಿಮಗೆ 4.6 ಬಂದರೆ ಎಲ್ಲೋ ಭವಿಷ್ಯ ಇಣುಕಿ ನೋಡುತ್ತಿದ್ದೀರಿ ಅಂತಲೇ ತಿಳಿಯಿರಿ.

ಫೈನೈಟ್ ಡಿಫರೆನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೆಲಸಕ್ಕೆ ಟ್ರೀ ಆದ ಮೇಲೆ ಕಲಿಯಬೇಕಾದದ್ದು ಇದೇ ಅಂತ ನನ್ನ ಅಭಿಪ್ರಾಯ. 1977ರಲ್ಲಿ ಬ್ರೆನನ್ ಮತ್ತು ಶ್ವಾರ್ಟ್ಜ್ ಅಮೆರಿಕನ್ ಪುಟ್‌ಗೆ ಇದನ್ನು ಬಳಸಿದರು. ಒಂದು ಕಡೆ ಷೇರಿನ ಬೆಲೆ, ಇನ್ನೊಂದು ಕಡೆ ಸಮಯ, ಚೌಕಳಿ ಹಾಳೆಯ ಹಾಗೆ ಗ್ರಿಡ್. ಕೊನೆಯ ದಿನದ ಪೇಆಫ್ ಗೊತ್ತು, ಅಲ್ಲಿಂದ ಒಂದೊಂದೇ ಪದರ ಹಿಂದಕ್ಕೆ ಬರುತ್ತೀರಿ. ಬ್ಲ್ಯಾಕ್-ಶೋಲ್ಸ್ ಸಮೀಕರಣದ ಡೆರಿವೇಟಿವ್‌ಗಳ ಜಾಗದಲ್ಲಿ ಪಕ್ಕಪಕ್ಕದ ಬಿಂದುಗಳ ವ್ಯತ್ಯಾಸ ಹಾಕುತ್ತೀರಿ, ಅಷ್ಟೇ. ಸುಲಭವಾದ ಎಕ್ಸ್‌ಪ್ಲಿಸಿಟ್ ರೀತಿಯಲ್ಲಿ ಹೊಸ ಪದರದ ಒಂದು ಬಿಂದು ಹಳೆಯ ಪದರದ ಮೂರು ಬಿಂದುಗಳಿಂದ ಬರುತ್ತದೆ. ಅದನ್ನು ಮೂರು ಕವಲಿನ ಟ್ರೀ ಅಂತಲೇ ನೋಡಬಹುದು.

ಎಲ್ಲರಿಗೂ ಮೊದಲ ಸಲ ಆಗುವುದು ಹೀಗೆ. ಷೇರಿನ ಬೆಲೆ 0ಯಿಂದ 300, ಬಿಂದುಗಳ ನಡುವೆ 1ರ ಅಂತರ, ಸಮಯಕ್ಕೆ 1,000 ಸ್ಟೆಪ್ ಸಾಕು ಅಂತ ಓಡಿಸುತ್ತೀರಿ. ಉತ್ತರ ಒಂದು ಬಿಂದುವಿನಲ್ಲಿ ಭಾರಿ ಪ್ಲಸ್, ಪಕ್ಕದಲ್ಲಿ ಭಾರಿ ಮೈನಸ್, ಪರದೆ ತುಂಬಾ ಅರ್ಥವಿಲ್ಲದ ಅಂಕಿಗಳು. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಒಂದು ದಿನ ಹೋಗುತ್ತದೆ. ಕೋಡ್ ತಪ್ಪಿಲ್ಲ, ಸಮಯದ ಹೆಜ್ಜೆ ದೊಡ್ಡದಾಯಿತು. ವೊಲಾಟಿಲಿಟಿಯ ವರ್ಗ 0.04, ಅತಿ ಮೇಲಿನ ಬಿಂದುವಿನ ಸಂಖ್ಯೆ 300, ಅದರ ವರ್ಗ 90,000, ಗುಣಿಸಿದರೆ 3,600. ವರ್ಷಕ್ಕೆ ಕಡಿಮೆ ಎಂದರೆ ಅಷ್ಟು ಸ್ಟೆಪ್ ಬೇಕು. ಬಿಂದುಗಳ ಅಂತರ ಅರ್ಧ ಮಾಡಿದರೆ 14,400. ಬಿಂದು ಎರಡು ಪಟ್ಟು, ಸ್ಟೆಪ್ ನಾಲ್ಕು ಪಟ್ಟು, ಒಟ್ಟು ಕೆಲಸ ಎಂಟು ಪಟ್ಟು. ಅದಕ್ಕೇ ಇಂಪ್ಲಿಸಿಟ್ ರೀತಿಗೆ ಹೋಗುತ್ತೇವೆ. ಅಲ್ಲಿ ಪ್ರತಿ ಪದರದಲ್ಲೂ ಒಂದು ಸಮೀಕರಣಗಳ ಗುಂಪನ್ನು ಬಿಡಿಸಬೇಕು, ಆದರೆ ಪ್ರತಿ ಸಮೀಕರಣದಲ್ಲೂ ಮೂರೇ ಬಿಂದುಗಳು ಇರುವುದರಿಂದ ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನಡೆದರೆ ಮುಗಿಯಿತು. ಹೆಜ್ಜೆ ಎಷ್ಟು ದೊಡ್ಡದಾದರೂ ಅಂಕಿಗಳು ಸಿಡಿದುಹೋಗುವುದಿಲ್ಲ.

ಕ್ರ್ಯಾಂಕ್ ಮತ್ತು ನಿಕೋಲ್ಸನ್ 1947ರಲ್ಲಿ ಶಾಖದ ಸಮೀಕರಣಕ್ಕಾಗಿ ಕೊಟ್ಟ ರೀತಿ ಈ ಎರಡರ ಸರಾಸರಿ. ಸಮಯದಲ್ಲೂ ತಪ್ಪು ಬೇಗ ಇಳಿಯುತ್ತದೆ. ಆದರೆ ಹೆಜ್ಜೆ ದೊಡ್ಡದಿದ್ದಾಗ ಆ ಮುರಿದ ಜಾಗ ಮತ್ತೆ ಎದುರಾಗುತ್ತದೆ. ಬೆಲೆಯ ಗ್ರಾಫ್ ನುಣುಪಾಗಿಯೇ ಕಾಣುತ್ತದೆ, ಗಾಮಾ (ಷೇರಿನ ಬೆಲೆಗೆ ಆಪ್ಷನ್ ಬೆಲೆಯ ಎರಡನೆಯ ಡೆರಿವೇಟಿವ್) ಗ್ರಾಫ್ ಹಾಕಿ ನೋಡಿ, ಸ್ಟ್ರೈಕ್ ಸುತ್ತ ಹಲ್ಲು ಹಲ್ಲಾಗಿ ಕುಣಿಯುತ್ತಿರುತ್ತದೆ. 1984ರಲ್ಲಿ ರಾನಾಖರ್ ತೋರಿಸಿದ ಉಪಾಯ ಚಿಕ್ಕದು. ಎಕ್ಸ್‌ಪೈರಿಯಿಂದ ಹಿಂದಕ್ಕೆ ಬರುವ ಮೊದಲ ಕೆಲವು ಹೆಜ್ಜೆಗಳನ್ನು ಪೂರ್ತಿ ಇಂಪ್ಲಿಸಿಟ್ ಆಗಿ ಹಾಕಿ, ಆಮೇಲೆ ಕ್ರ್ಯಾಂಕ್-ನಿಕೋಲ್ಸನ್‌ಗೆ ಬನ್ನಿ. ಕುಣಿತ ನಿಲ್ಲುತ್ತದೆ. ಅಮೆರಿಕನ್ ಪುಟ್ ಆದರೆ ಪ್ರತಿ ಪದರದ ಕೊನೆಯಲ್ಲಿ ಅದೇ ಒಂದು ಸಾಲು, ಎರಡರಲ್ಲಿ ದೊಡ್ಡದು. ಇದಕ್ಕಿಂತ ಅಚ್ಚುಕಟ್ಟಾದ ರೀತಿಗಳೂ ಇವೆ, ಶುರುವಿಗೆ ಇದು ಸಾಕು.

ಬ್ಯಾರಿಯರ್ ಆಪ್ಷನ್ (ಷೇರು ಬ್ಯಾರಿಯರ್ ಅನ್ನುವ ಗೊತ್ತಾದ ಬೆಲೆ ಮುಟ್ಟಿದರೆ ರದ್ದಾಗುವ ಅಥವಾ ಚಾಲೂ ಆಗುವ ಆಪ್ಷನ್) ಬಂದರೆ ಬ್ಯಾರಿಯರ್ ಸರಿಯಾಗಿ ಒಂದು ಬಿಂದುವಿನ ಮೇಲೇ ಬೀಳುವಂತೆ ಗ್ರಿಡ್ ಹಾಕಿ. ಒಪ್ಪಂದದಲ್ಲಿ ಬ್ಯಾರಿಯರ್ ದಿನಕ್ಕೊಮ್ಮೆ ನೋಡುತ್ತಾರಾ, ಪ್ರತಿ ಕ್ಷಣ ನೋಡುತ್ತಾರಾ ಅಂತ ಓದಿ. ಬ್ರಾಡಿ, ಗ್ಲಾಸರ್‌ಮನ್, ಕೋ 1997ರಲ್ಲಿ ಇದಕ್ಕೆ ಸರಳ ತಿದ್ದುಪಡಿ ಕೊಟ್ಟಿದ್ದಾರೆ: ಬ್ಯಾರಿಯರನ್ನು ಸುಮಾರು 0.5826 ಗುಣಿಸು ವೊಲಾಟಿಲಿಟಿ ಗುಣಿಸು ಎರಡು ನೋಟಗಳ ನಡುವಿನ ಸಮಯದ ವರ್ಗಮೂಲ, ಇಷ್ಟು ಪಾಲು ಷೇರಿನಿಂದ ದೂರಕ್ಕೆ ಸರಿಸಿ, ಆಮೇಲೆ ಪ್ರತಿ ಕ್ಷಣ ನೋಡುವ ಸೂತ್ರವನ್ನೇ ಬಳಸಿ. 20% ವೊಲಾಟಿಲಿಟಿ, ವರ್ಷಕ್ಕೆ 252 ದಿನ ಅಂದರೆ 0.73%. 90ರ ಬ್ಯಾರಿಯರ್ 89.34 ಆಗುತ್ತದೆ. ಚಿಕ್ಕದಾಗಿ ಕಾಣುತ್ತದೆ, ಷೇರು ಬ್ಯಾರಿಯರ್ ಹತ್ತಿರ ಇದ್ದಾಗ ಬೆಲೆಯೇ ಬದಲಾಗಿಬಿಡುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ನನಗೆ ಪಾಠ ಕಲಿಸಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಂಟೆ ಕಾರ್ಲೊದಿಂದ ಡೆಲ್ಟಾ (ಷೇರು 1 ಏರಿದರೆ ಆಪ್ಷನ್ ಬೆಲೆ ಎಷ್ಟು ಏರುತ್ತದೆ ಅನ್ನುವುದು) ತೆಗೆಯಬೇಕಿತ್ತು. ಷೇರನ್ನು 100.01 ಇಟ್ಟು ಒಮ್ಮೆ ಓಡಿಸಿದೆ, 99.99 ಇಟ್ಟು ಇನ್ನೊಮ್ಮೆ, ವ್ಯತ್ಯಾಸವನ್ನು 0.02ರಿಂದ ಭಾಗಿಸಿದೆ. ಡೆಲ್ಟಾ 0.64ರ ಹತ್ತಿರ ಬರಬೇಕು, ಒಮ್ಮೆ 7 ಬಂತು, ಇನ್ನೊಮ್ಮೆ ಮೈನಸ್ 4. ಎರಡು ದಿನ ತಲೆ ಕೆಡಿಸಿಕೊಂಡೆ. ಲೆಕ್ಕ ಹಾಕಿದರೆ ಇದು ಸಹಜವೇ. 10,000 ಪಾತ್‌ಗೆ ಒಂದೊಂದು ಬೆಲೆಯಲ್ಲೂ 0.147 ತಪ್ಪು, ಎರಡರ ವ್ಯತ್ಯಾಸದಲ್ಲಿ 0.208, ಅದನ್ನು 0.02ರಿಂದ ಭಾಗಿಸಿದರೆ 10. ಡೆಲ್ಟಾದಲ್ಲೇ 10ರಷ್ಟು ತಪ್ಪು! ಎರಡು ಸಲವೂ ಅದೇ ರ್ಯಾಂಡಮ್ ಸಂಖ್ಯೆಗಳನ್ನು ಬಳಸಿದರೆ ತಪ್ಪುಗಳು ಒಂದಕ್ಕೊಂದು ಹೊಡೆದುಹೋಗಿ 0.63, 0.64 ಅಂತ ಬರತೊಡಗುತ್ತದೆ. ಒಂದೇ ಸೀಡ್, ಅಷ್ಟೇ ವ್ಯತ್ಯಾಸ. ಟ್ರೀ ಮತ್ತು ಗ್ರಿಡ್‌ನಲ್ಲಿ ಈ ಗೋಳೇ ಇಲ್ಲ. ಪಕ್ಕದ ನೋಡ್‌ಗಳ ಬೆಲೆ ಹೇಗೂ ಇರುತ್ತದೆ, ಡೆಲ್ಟಾ ಬಿಟ್ಟಿಯಾಗಿ ಸಿಗುತ್ತದೆ.

ಹೆಸ್ಟನ್ 1993ರಲ್ಲಿ ಕೊಟ್ಟಂಥ, ವೊಲಾಟಿಲಿಟಿಯೇ ಓಡಾಡುವ ಮಾಡೆಲ್‌ಗಳಿಗೆ ಫೂರಿಯೇ ವಿಧಾನಗಳು ಬೇರೆ ಇವೆ. ನೂರಾರು ಸ್ಟ್ರೈಕ್‌ಗಳ ಬೆಲೆ ಒಟ್ಟಿಗೆ ಬೇಕಾದಾಗ ಅವುಗಳ ವೇಗಕ್ಕೆ ಸಾಟಿ ಇಲ್ಲ. ಸದ್ಯಕ್ಕೆ ನಿಮಗೆ ಬೇಡ.

ಹಾಗಾದರೆ ಯಾವುದು? ಒಪ್ಪಂದವನ್ನು ಎದುರಿಗಿಟ್ಟುಕೊಂಡು ಕೇಳಿಕೊಳ್ಳಿ: ನಡುವೆ ನಿರ್ಧಾರ ಇದೆಯಾ, ಬೆಲೆ ನಡೆದ ದಾರಿ ಮುಖ್ಯವಾ, ಎಷ್ಟು ಷೇರುಗಳಿವೆ? ಒಂದು ಷೇರು, ನಡುವೆ ನಿರ್ಧಾರ ಅಂದರೆ ಟ್ರೀ ಅಥವಾ ಗ್ರಿಡ್. ಎರಡು ಷೇರಿದ್ದರೂ ಗ್ರಿಡ್ ನಡೆಯುತ್ತದೆ. ನಾಲ್ಕೈದು ಷೇರು ಅಥವಾ ಉದ್ದದ ದಾರಿಯ ನೆನಪು ಬೇಕಾದಾಗ ಮಾಂಟೆ ಕಾರ್ಲೊ, ನಿರ್ಧಾರವೂ ಇದ್ದರೆ ಅದರ ಜೊತೆ ಲಾಂಗ್‌ಸ್ಟಾಫ್-ಶ್ವಾರ್ಟ್ಜ್. ಗೆಳೆಯನ ಮಾತು ಅವನ ಕೆಲಸಕ್ಕೆ ಸರಿ ಇರಬಹುದು, ನಿಮ್ಮ ಪುಟ್‌ಗೆ ಅಲ್ಲ.

ನಂಬುವ ಬಗ್ಗೆ. ಯಾವ ವಿಧಾನವೇ ಇರಲಿ, ಒಂದೇ ಸಲ ಓಡಿಸಿ ಬಂದ ಅಂಕಿಯನ್ನು ಯಾರಿಗೂ ಕೊಡಬೇಡಿ. ಹೆಜ್ಜೆಯನ್ನು ಅರ್ಧ ಮಾಡಿ ಓಡಿಸಿ, ಮತ್ತೆ ಅರ್ಧ ಮಾಡಿ ಓಡಿಸಿ. ಉತ್ತರಗಳ ನಡುವಿನ ವ್ಯತ್ಯಾಸ ಪ್ರತಿ ಸಲ ಅರ್ಧವಾಗುತ್ತಿದೆಯಾ, ಕಾಲು ಭಾಗವಾಗುತ್ತಿದೆಯಾ ನೋಡಿ. ಯಾವ ಲಯವೂ ಇಲ್ಲದೆ ಜಿಗಿಯುತ್ತಿದ್ದರೆ ಮುರಿದ ಜಾಗ ಎಲ್ಲಿ ಬಿದ್ದಿದೆ ಅಂತ ಹುಡುಕಿ. ಮಾಂಟೆ ಕಾರ್ಲೊದಲ್ಲಿ ಬೆಲೆಯ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಎರರ್ ಬರೆಯದೆ ಇರಬೇಡಿ.

ಎಷ್ಟು ನಿಖರತೆ ಸಾಕು ಅನ್ನುವುದಕ್ಕೆ ನಿಮ್ಮ ಕಾಲ್‌ನ ವೇಗಾ ನೋಡಿ. ವೊಲಾಟಿಲಿಟಿ 20%ರಿಂದ 21%ಕ್ಕೆ ಹೋದರೆ ಬೆಲೆ ಸುಮಾರು 0.375 ಏರುತ್ತದೆ. ನಿಮ್ಮನ್ನು ಕಾಡಿದ 0.02 ತಪ್ಪು ಅಂದರೆ ವೊಲಾಟಿಲಿಟಿಯಲ್ಲಿ 0.05%ರಷ್ಟು. ವೊಲಾಟಿಲಿಟಿಯನ್ನು ಅಷ್ಟು ಸೂಕ್ಷ್ಮವಾಗಿ ಮೊದಲೇ ಹೇಳುವುದು ಯಾರಿಂದಲೂ ಆಗದು. ಹಾಗಾಗಿ ಬೆಲೆಯಲ್ಲಿ ಆರನೆಯ ದಶಮಾಂಶದ ಹಿಂದೆ ಬೀಳಬೇಡಿ. ಆದರೆ ಗಾಮಾ ಗ್ರಾಫ್ ಮಾತ್ರ ಯಾವಾಗಲೂ ಹಾಕಿ ನೋಡಿ. ಬೆಲೆಯಲ್ಲಿ ಕಾಣದ ರೋಗ ಅಲ್ಲಿ ಕಾಣುತ್ತದೆ, ಹೆಡ್ಜ್ ಮಾಡುವವರಿಗೆ ನಷ್ಟ ಆಗುವುದೂ ಅಲ್ಲಿಂದಲೇ.

ಈಗ ನಿಮ್ಮ ಅಮೆರಿಕನ್ ಪುಟ್ ಓಡಿಸಿ, 500 ಮತ್ತು 501 ಸ್ಟೆಪ್, ಸರಾಸರಿ. 6.09 ಬರಬೇಕು. ಯುರೋಪಿಯನ್ ಪುಟ್ 5.57. ಎರಡೂ ಒಂದೇ ಬಂದರೆ ಆ "ಎರಡರಲ್ಲಿ ದೊಡ್ಡದು" ಸಾಲು ಲೂಪ್‌ನ ಹೊರಗೆ ಬಿದ್ದಿದೆ. ಆಮೇಲೆ ಅದೇ ಕೋಡ್‌ನಲ್ಲಿ ಅಮೆರಿಕನ್ ಕಾಲ್ ಓಡಿಸಿ. ಡಿವಿಡೆಂಡ್ ಇಲ್ಲದ ಷೇರಿನ ಕಾಲ್ ಅನ್ನು ಮೊದಲೇ ಎಕ್ಸರ್‌ಸೈಸ್ ಮಾಡುವುದರಿಂದ ಯಾವತ್ತೂ ಲಾಭ ಇಲ್ಲ, ಹಾಗಾಗಿ ಅದು ಯುರೋಪಿಯನ್ ಕಾಲ್‌ಗೆ ದಶಮಾಂಶ ದಶಮಾಂಶಕ್ಕೂ ಸರಿಹೊಂದಬೇಕು. ಹೊಂದದಿದ್ದರೆ ಕೋಡ್ ಕಳಿಸಿ, ನೋಡುತ್ತೇನೆ.